ಖಾಲಿದಿಯಾಕ್ಕೆ ಬಂದ ಹಮ್ಮಿಂಗ್ ಬರ್ಡ್

ನೀಲಾಂಬಿಕಾ: ಮೊದಲ ಆ ಕೆಂಪು ಬಾಟ್ಲಿ ಇಳಸ್ರಿ. ನಾಲ್ಕ ದಿನದಿಂದ ನಿಮ್ಮ ಸಕ್ರಿ ನೀರು ಕುಡದದ್ದು ಬರೇ ಇರುವಿ.

ಬಾಳಪ್ಪ: ಇರುವಿಗೆ ಇಟ್ಟದ್ದಲ್ಲ ಅದು, ಹಮ್ಮಿಂಗ್ ಬರ್ಡಿಗೆ. ಅದು ಗಾಳ್ಯಾಗ ನಿಂತ ಕುಡೀತದ ಅಂತ ಸುಸನ್ ಮೇಡಮ್ ಹೇಳ್ಯಾರ.

(1998ರ ಫೆಬ್ರವರಿ, ಶುಕ್ರವಾರ ಬೆಳಗ್ಗೆ. ಅಬುಧಾಬಿಯಲ್ಲಿ ಸಿವಿಲ್ ಎಂಜಿನಿಯರ್ ಆಗಿರುವ ಬಾಳಪ್ಪನವರು ಖಾಲಿದಿಯಾ ಬಡಾವಣೆಯ ತಮ್ಮ ಮನೆಯಂಗಳದಲ್ಲಿ ಸ್ಟೂಲಿನ ಮೇಲೆ ನಿಂತು, ಆಫೀಸಿನ ಸುಸನ್ ಅಮೆರಿಕದಿಂದ ತಂದುಕೊಟ್ಟ ಬಾಟಲಿಯನ್ನು ದಾಸವಾಳದ ಗಿಡಕ್ಕೆ ಮತ್ತೆ ಬಿಗಿಯುತ್ತಿದ್ದಾರೆ. ಹೆಂಡತಿ ನೀಲಾಂಬಿಕಾ ಸ್ಟೂಲು ಹಿಡಿದಿದ್ದಾರೆ. ಅಂಗಳಕ್ಕೆ ಬರುವ ಪುಟ್ಟ ಹಕ್ಕಿ ಹಮ್ಮಿಂಗ್ ಬರ್ಡೇ ಎಂದು ಬಾಳಪ್ಪನವರ ನಂಬಿಕೆ; ಅದರ ಫೋಟೋ ತೆಗೆಯಲು ಕನ್ನಡ ಸಂಘದ ಪತ್ರಿಕೆಯ ಸಂಪಾದಕ ಶಾಮಸುಂದರ ಕ್ಯಾಮೆರಾ ಹಿಡಿದು ಬರುವವರಿದ್ದಾರೆ.)

ನೀಲಾಂಬಿಕಾ: ಅಮೆರಿಕಾದಾಗ ನಿಂತಿರಬೇಕು. ಇಲ್ಲಿ ಬರೂದು ಸೂರಕ್ಕಿ. ಧಾರವಾಡದಾಗ ನಮ್ಮ ತವರಮನಿ ದಾಸವಾಳಕ್ಕ ದಿನಾ ಬರ್ತಿತ್ತು.

ಬಾಳಪ್ಪ: ನಿಮ್ಮ ತವರಮನ್ಯಾಗ ಎಲ್ಲಾ ಇತ್ತು ಬಿಡು.

ನೀಲಾಂಬಿಕಾ: ಬುದ್ಧಿ ಒಂದ ಇರಲಿಲ್ಲ. ಇದ್ದಿದ್ರ ನನ್ನ ನಿಮಗ ಕೊಡ್ತಿದ್ರೇನು?

(ಗೇಟು ಕಿರುಗುಟ್ಟುತ್ತದೆ. ಮಂಗಳೂರಿನ ಶಾಮಸುಂದರ ಒಳಗೆ ಬರುತ್ತಾರೆ.)

ಶಾಮಸುಂದರ: ಎಲ್ಲಿ ಮಾರಾಯ್ರೆ ನಿಮ್ಮ ಹಕ್ಕಿ? ಮುಖಪುಟ ಖಾಲಿ ಇಟ್ಟಿದ್ದೇನೆ.

ಬಾಳಪ್ಪ: ಈಗ ಬರ್ತದ. ಬರೇ ಮಕರಂದ ಕುಡದು ಬದಕೋ ಜೀವ. ಒಂದ ಕಡೆ ಕೂಡಂಗಿಲ್ಲ.

(ಹೊಳೆಯುವ ಕಡುನೀಲಿ ಬಣ್ಣದ ಪುಟ್ಟ ಹಕ್ಕಿಯೊಂದು ಬರುತ್ತದೆ. ಬಾಟಲಿಗೆ ಬೆನ್ನು ಹಾಕಿ ಕೊಂಬೆಯ ಮೇಲೆ ಆರಾಮವಾಗಿ ಕುಳಿತು, ಹೂವಿನ ಬುಡಕ್ಕೆ ಕೊಕ್ಕು ಚುಚ್ಚುತ್ತದೆ.)

ನೀಲಾಂಬಿಕಾ: ಕುಂತದ ನೋಡ್ರಿ.

ಬಾಳಪ್ಪ: ಅಮೆರಿಕಾದಿಂದ ಹಾರಿ ಬಂದದ. ದಣದಿರ್ತದ.

ನೀಲಾಂಬಿಕಾ: ವೀಸಾ ಯಾರು ಕೊಟ್ರು? ನೀವ ಸ್ಪಾನ್ಸರ್ ಆದ್ರೇನು?

(ಹಕ್ಕಿ ಗೋಡೆಯ ಮೂಲೆಗೆ ಹಾರಿ, ಬಲೆಯಲ್ಲಿದ್ದ ಜೇಡವನ್ನು ಕಿತ್ತು ನುಂಗುತ್ತದೆ.)

ಶಾಮಸುಂದರ: ಜೇಡ ತಿಂದಿತಲ್ಲ. ಬರೀ ಮಕರಂದ ಅಂತ ಹೇಳಿದ್ರಿ?

ಬಾಳಪ್ಪ: ಹಮ್ಮಿಂಗ್ ಬರ್ಡೂ ಜ್ಯಾಡ ತಿಂತದ. ಬಾಟ್ಲಿ ಡಬ್ಬಿ ಮ್ಯಾಲ ಬರದದ.

ನೀಲಾಂಬಿಕಾ: ಖರೇ, ಬರದದ. ಅದರ ಕೆಳಗ, ಈ ಹಕ್ಕಿ ಅಮೆರಿಕಾದ ಕಡೆ ಬಿಟ್ಟು ಎಲ್ಲೂ ಇಲ್ಲ ಅಂತನೂ ಬರದದ. ನೀವು ಮ್ಯಾಲಿನ ಸಾಲಿಗೇ ಓದೂದು ಖಲಾಸ್ ಮಾಡೀರಿ.

(ಬಾಳಪ್ಪನವರು ಮೆಲ್ಲಗೆ ಸ್ಟೂಲಿನಿಂದ ಇಳಿಯುತ್ತಾರೆ. ಮನೆಗೆ ಹಮ್ಮಿಂಗ್ ಬರ್ಡ್ ಬರುತ್ತದೆ ಎಂದು ಇಡೀ ಆಫೀಸಿಗೆ ಹೇಳಿಕೊಂಡು ಬಂದಿದ್ದರು. ಕಿವಿ ಕೆಂಪಾಗಿವೆ.)

ಬಾಳಪ್ಪ: ನಾಲ್ಕ ಪುಟ ಲೇಖನ ಬರದಿಟ್ಟೀನಲ್ರಿ.

ಶಾಮಸುಂದರ: ಹಕ್ಕಿಯೇ ಒಪ್ಪದ ಲೇಖನ ನಾನು ಹೇಗೆ ಹಾಕುವುದು? ಅಕ್ಕ, ನೀವೇ ಬರೆದು ಕೊಡಿ. ಹೇಗೂ ದಿನಾ ನೋಡ್ತೀರಲ್ಲ.

ನೀಲಾಂಬಿಕಾ: ಅಡಗಿ ಮನಿ ಕಿಟಕ್ಯಾಗಿಂದ ಎರಡು ವರ್ಷ ಆತು ನೋಡ್ಲಿಕ್ಕತ್ತಿ. ಇವರು ಒಮ್ಮೆ ಕೇಳಿದ್ರ ಹೇಳ್ತಿದ್ದೆ.

(ಹಕ್ಕಿ ಮತ್ತೆ ಕೊಂಬೆಗೆ ಬರುತ್ತದೆ. ಕ್ಯಾಮೆರಾ ಕ್ಲಿಕ್ ಎನ್ನುತ್ತದೆ.)

ಶಾಮಸುಂದರ: ಛೆ, ಬಾಳಪ್ಪನವರೂ ಫೋಟೋದಲ್ಲಿ ಬಿದ್ದರು. ರೀಲೂ ಮುಗಿಯಿತು. ಅಡಿಯಲ್ಲಿ ಎಂತ ಬರೆಯುವುದು?

ನೀಲಾಂಬಿಕಾ: ಎಡಕ್ಕ ಸೂರಕ್ಕಿ, ಬಲಕ್ಕ ನಮ್ಮ ಮನಿಯವರು ಅಂತ ಬಿಡಿಸಿ ಬರೀರಿ. ಇಲ್ಲಾಂದ್ರ ಓದಿದವರು ಇವರನ್ನೇ ಹಮ್ಮಿಂಗ್ ಬರ್ಡ್ ಅಂದ್ಕೊಂಡಾರು.