ಮೂಡುಪಾರೆಯ ಹೂವಿನ ತನಿಖೆ

ಮೂಡುಪಾರೆಯ ಮೂರೂವರೆ ಎಕರೆ ಕಲ್ಲುಹಾಸಿನಲ್ಲಿ ಹುಲ್ಲುಕಡ್ಡಿಯೂ ಹುಟ್ಟುವುದಿಲ್ಲ ಎಂದು ಏಪ್ರಿಲ್ ತಿಂಗಳಲ್ಲಿ ಸರಕಾರದವರು ವರದಿ ಬರೆದು, ಆ ಜಾಗವನ್ನು ಕೆಂಪುಕಲ್ಲು ಕಡಿಯುವವರಿಗೆ ಕೊಟ್ಟರು. ವರದಿಯ ಕೆಳಗೆ ಊರಿನ ಜೀವವೈವಿಧ್ಯ ಸಮಿತಿಯ ಪರವಾಗಿ ರಾಜೀವನ ಸಹಿ ಇತ್ತು.

ರಾಜೀವ ಪಂಚಾಯತಿ ಗ್ರಂಥಾಲಯದ ಮೇಲ್ವಿಚಾರಕ. ಚಾ ಲೋಟದ ಜೊತೆ ಯಾವ ಕಾಗದ ಬಂದರೂ ಚಾ ಆರುವ ಮೊದಲೇ ಸಹಿ ಹಾಕುವವನು. ಸೇರದ ಸಭೆ ಸೇರಿತೆಂದು, ನೆಡದ ಗಿಡ ಚಿಗುರಿತೆಂದು ಸಹಿ ಹಾಕಿದ್ದ. ಅವನು ಬೈಂದೂರು ದಾಟಿದ್ದೇ ಕಡಿಮೆ. ಅವನ ಸಹಿ ಮಾತ್ರ ರಾಜಧಾನಿಯವರೆಗೂ ಹೋಗಿ ಬಂದಿತ್ತು. ಇಂಥದೊಂದು ಸಮಿತಿ ಇದೆ, ಅದರಲ್ಲಿ ತಾನೂ ಇದ್ದೇನೆ ಎಂದು ಅವನಿಗೆ ಗೊತ್ತಾದದ್ದು ಕಲ್ಲು ಕಡಿಯುವ ಯಂತ್ರ ಬಂದು ಪಾರೆಯ ಅಂಚಿನಲ್ಲಿ ನಿಂತಾಗ. ಆ ಪಾರೆ ಕುಡಿದ ಮಳೆಯೇ ಕೆಳಗಿನ ಹನ್ನೊಂದು ಮನೆಗಳ ಬಾವಿಗೆ ಇಳಿಯುವುದು. ಹನ್ನೊಂದರಲ್ಲಿ ಒಂದು ಅವನದೇ.

ಕಲ್ಲು ಕಡಿಯಬಾರದೆಂದು ಅವನು ಮೂರು ತಿಂಗಳು ಅರ್ಜಿ ಹಿಡಿದು ಅಲೆದ ಮೇಲೆ ಉತ್ತರ ಬಂತು: ಪಾರೆಯಲ್ಲಿ ಹೂಗಿಡಗಳಿವೆ ಎನ್ನುವುದಾದರೆ ಹೆಸರುಗಳ ಪಟ್ಟಿ ಮಾಡಿ, ಅಧಿಕಾರಿಗೆ ಸ್ಥಳದಲ್ಲೇ ತೋರಿಸತಕ್ಕದ್ದು. ಗೊತ್ತುಮಾಡಿದ ದಿನ, ಸೆಪ್ಟೆಂಬರ್ ನಡುವೆ ಮುಗಿಯುವ ಸೋಣೆ ತಿಂಗಳ ಕೊನೆಯದು. ರಾಜೀವನಿಗೆ ದೇವರಿದ್ದಾನೆ ಅನ್ನಿಸಿತು. ಬೇಸಿಗೆಯಲ್ಲಿ ಸುಟ್ಟ ಕಾವಲಿಯಂತಿರುವ ಪಾರೆ, ಸೋಣೆಯಲ್ಲಿ ಕಾಲಿಡಲು ಜಾಗವಿಲ್ಲದಂತೆ ನೀಲಿ, ಬಿಳಿ, ಹಳದಿ ಹೂವಿನಿಂದ ಮುಚ್ಚಿಹೋಗುತ್ತದೆ.

ಆ ದಿನ ಬೆಳಿಗ್ಗೆ ಆರಕ್ಕೇ ಅವನು ಮೊಬೈಲು ಹಿಡಿದು ಪಾರೆಯ ಮೇಲೆ ಮೊಣಕಾಲೂರಿದ. ಹೂವಿನ ಫೋಟೋ ತೆಗೆದರೆ ಹೆಸರು ಹೇಳುವ ಆ್ಯಪ್ ಅದರಲ್ಲಿತ್ತು. ಸಾಸಿವೆಯಷ್ಟು ಚಿಕ್ಕ ನೀಲಿ ಹೂವಿಗೆ ಅದು ಬದನೆ ಎಂದಿತು. ಬೆಂಕಿಕಡ್ಡಿಯ ತಲೆಯಂಥ ಬಿಳಿ ಹೂವಿಗೆ ನೀರುಳ್ಳಿ ಎಂದಿತು. ಅಷ್ಟರಲ್ಲಿ ಪಕ್ಕದ ಮನೆಯ ಬಚ್ಚ ಬಗ್ಗಿ ನೋಡಿದ್ದರಿಂದ ಅವನ ಬೋಳು ಮಂಡೆ ಅಡ್ಡ ಬಂತು. ಆ್ಯಪ್ ಬೂದುಗುಂಬಳ ಎಂದಿತು, ನೂರಕ್ಕೆ ತೊಂಬತ್ತೆರಡು ಪಾಲು ಖಚಿತ.

"ಹ್ವಾಯ್ ರಾಜೀವ, ಎಂತ ಕಳ್ಕಂಡ್ ಹುಡುಕ್ತಿದ್ದೆ?"

"ಹೂಗಿನ ಹೆಸ್ರ್, ಬಚ್ಚಣ್ಣ."

"ಮೂವತ್ ವರ್ಷ ಮುಂಬೈಯಗೆ ಇದ್ದವ ನಾನ್. ಹೂಗ್ ಅಂದ್ರೆ ಎರಡೇ ಜಾತಿ ಮಾರಾಯ. ಮದಿಮಗ್ಳಿಗ್ ಹಾಕುದ್, ಹೆಣಕ್ಕ್ ಹಾಕುದ್."

ರಾಜೀವನ ಮರ್ಯಾದೆ ಉಳಿಸಿದವಳು ನಾಗು. ಎಪ್ಪತ್ತು ದಾಟಿದ ಹೆಂಗಸು. ಸೋಣೆ ತಿಂಗಳಿಡೀ ಹೊಸ್ತಿಲಜ್ಜಿಯ ಪೂಜೆಗೆ, ಅಂದರೆ ಮನೆಯ ಹೊಸ್ತಿಲಿಗೇ ಮಾಡುವ ಪೂಜೆಗೆ, ದಿನಾ ಇಲ್ಲಿಂದಲೇ ಹೂ ಕೊಯ್ಯುವವಳು. ಅವಳು ಬೆರಳು ತೋರಿಸುತ್ತ ನಡೆದಳು.

"ಇದ್ ಸೋಣೆ ಹೂಗ್, ಹೊಸ್ತಿಲಜ್ಜಿ ತಲಿಗ್. ಇದ್ ಹಲ್ಲ್‌ನೋವಿಗ್. ಇದನ್ನ ದನ ತಿಂದ್ರೆ ಹಾಲ್ ಜಾಸ್ತಿ. ಇದ್ ಎಂತಕ್ಕೂ ಇಲ್ಲೆ ಮಗಾ, ಬರೀ ಚಂದಕ್ಕ್."

ಅರ್ಧ ಗಂಟೆಯಲ್ಲಿ ಪಟ್ಟಿ ಇಪ್ಪತ್ತೇಳು ಹೂವಿಗೆ ಮುಟ್ಟಿತು. ರಾಜೀವನ ಕಣ್ಣು ತುಂಬಿತು.

"ನಾಗಕ್ಕ, ನಾ ಬೈಂದೂರಿಗ್ ಹೋಯಿ ಸಾಯ್ಬ್ರನ್ನ ಕರ್ಕಂಡ್ ಬತ್ತೆ. ಅವ್ರಿಗೆ ಎಲ್ಲ ಹೂಗೂ ತೋರ್ಸ್ಕ್. ಒಂದೂ ತಪ್ಪುಕಾಗ."

"ತಪ್ಪುದಿಲ್ಲೆ. ನೀ ಹೋಯಿ ಬಾ."

ಬಚ್ಚನಿಗೆ ಕೈ ತುರಿಸಿತು. ಊರಿನ ಮೂರೂ ಸ್ವಸಹಾಯ ಸಂಘಗಳ ವಾಟ್ಸಾಪಿಗೆ ಅವನ ದನಿ ಹೋಯಿತು: "ಸಾಯ್ಬ್ರ್ ಬತ್ರಂಬ್ರ್! ಪಾರಿ ಹೂಗ್ ಕಾಂಬುಕೆ. ಎಲ್ಲರೂ ನಾಗಕ್ಕನ ಹತ್ರ ಬನಿ!"

ಬೈಂದೂರಿನಲ್ಲಿ ಅಧಿಕಾರಿ ಗೋವರ್ಧನ ಹನ್ನೊಂದಕ್ಕೆ ಹೊರಡುವೆ ಎಂದವರು ಮೀನೂಟ ಮುಗಿಸಿ ಎರಡೂವರೆಗೆ ಜೀಪು ಹತ್ತಿದರು. ಯಡ್ತರೆ ದಾಟುವಾಗ ಬಚ್ಚನ ಫೋನು ಬಂತು. "ನೀ ಹೆದ್ರುಕಾಗ. ನೀ ಬಪ್ಪೊತ್ತಿಗೆ ಇಲ್ಲಿ ಕೆಲ್ಸ ಪೂರ್ತಿ!" ರಾಜೀವನ ಎದೆ ಉಬ್ಬಿತು.

"ಸರ್, ನೀವು ಬೂಟು ತೆಗೆದು ನಡೆಯಬೇಕಾಗ್ತದೆ. ಅಷ್ಟು ಹೂವು."

"ನೋಡುವಾ," ಅಂದರು ಗೋವರ್ಧನ.

ನೋಡಿದರು. ಪಾರೆ ಬಚ್ಚನ ಮಂಡೆಯಾಗಿತ್ತು. ಈ ತುದಿಯಿಂದ ಆ ತುದಿಯವರೆಗೆ ಕೆಂಪುಕಲ್ಲು ಬೆತ್ತಲೆ ಮಲಗಿತ್ತು. ಅಲ್ಲಲ್ಲಿ ಉಳಿದದ್ದನ್ನು ಬಚ್ಚನ ಎರಡು ದನ ಶ್ರದ್ಧೆಯಿಂದ ಮುಗಿಸುತ್ತಿದ್ದವು. ಗೋಳಿಮರದ ಬುಡದಲ್ಲಿ ಇಪ್ಪತ್ತಮೂರು ಬುಟ್ಟಿ, ಒಂದೊಂದರ ಹಿಂದೆ ಒಬ್ಬೊಬ್ಬ ಹೆಂಗಸು, ಎಲ್ಲರ ಮುಖದಲ್ಲೂ ಬಹುಮಾನ ಬಂದ ನಗು.

"ನಾಗಕ್ಕಾ!" ರಾಜೀವ ಜೀಪಿನಿಂದ ಹಾರಿ ಇಳಿದ.

"ಒಂದೂ ಬಿಡ್ಲಿಲ್ಲೆ ಮಗಾ. ದೇವ್ರಿಗ್ ಇಡು ಹೂಗ್, ಸಾಯ್ಬ್ರ್ ಬೂಟ್ಸ್‌ನಗೆ ಮೆಟ್ರೆ ಪಾಪ ಅವ್ರಿಗೇ ಅಲ್ದಾ? ಅದ್ಕೇ ಮೊದ್ಲೇ ಕೊಯ್ದಿಟ್ಟೆವು. ಕೂತ್ಕಂಡೇ ಕಾಣ್ಲಿ."

ಚಿಟಿಕೆ ಮಣ್ಣಿನಲ್ಲಿ ನಿಂತ ಗಿಡಗಳು. ಒಂದಿಷ್ಟು ಅವಸರದ ಕೈ ತಾಗಿದ್ದೇ ಬೇರು ಸಮೇತ ಬಂದಿದ್ದವು.

ಗೋವರ್ಧನ ಬುಟ್ಟಿಗಳ ಕಡೆ ತಿರುಗಲೂ ಇಲ್ಲ. "ಇದು ಸಿದ್ದಾಪುರದ್ದೋ ಗಂಗೊಳ್ಳಿಯದ್ದೋ ನನಗೇನು ಗೊತ್ತು? ಸ್ಥಳದಲ್ಲಿ ಇರಬೇಕು ಅಂತ ಆದೇಶ."

"ಗಂಗೊಳ್ಳಿಯಗೆ ಮೀನ್ ಸಿಕ್ಕುದ್ ಸಾಯ್ಬ್ರೆ," ಎಂದು ಬಚ್ಚ ತಿದ್ದಿದ.

"ಬಪ್ಪ ಸೋಣೆಗ್ ಮತ್ತ್ ಹುಟ್ಟತ್ತ್," ಅಂದಳು ನಾಗು. ಅವಳ ನಗು ಈಗ ಅರ್ಧಕ್ಕೆ ಇಳಿದಿತ್ತು. "ಪ್ರತಿ ವರ್ಷ ಹುಟ್ಟತ್ತ್."

"ಬರುವ ವರ್ಷ ಪಾರೆಯೇ ಇರುವುದಿಲ್ಲವಲ್ಲ ಅಜ್ಜಿ," ಅಂದರು ಗೋವರ್ಧನ.

ನಾಗು ತನ್ನ ಬುಟ್ಟಿಯಿಂದ ಒಂದು ನೀಲಿ ಗಿಡ ತೆಗೆದು ಬಗ್ಗಿದಳು, ಕಲ್ಲಿನ ಬಿರುಕಿಗೆ ಊರಿ ನಿಲ್ಲಿಸಲು ನೋಡಿದಳು. ಅದು ಮಗ್ಗುಲಾಯಿತು. ಮತ್ತೆ ನಿಲ್ಲಿಸಿದಳು.

ಗೋವರ್ಧನ ಜೀಪಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು ಬರೆದರು: ಖುದ್ದಾಗಿ ಪರಿಶೀಲಿಸಲಾಗಿ, ಸ್ಥಳದಲ್ಲಿ ಒಂದು ಹೂವೂ ಕಂಡುಬಂದಿರುವುದಿಲ್ಲ. ಬರೆದ ಪೆನ್ನನ್ನು ರಾಜೀವನ ಕೈಗಿತ್ತರು. ಅದೇ ಹೊತ್ತಿಗೆ ಬಚ್ಚ ಅತಿಥಿಗಳಿಗೆಂದು ಚಾ ತಂದು, ರಾಜೀವನ ಇನ್ನೊಂದು ಕೈಯಲ್ಲೂ ಒಂದು ಲೋಟ ಇಟ್ಟ.

"ಇಲ್ಲಿ ಕೆಳಗೆ ಒಂದು ಸಹಿ. ಏಪ್ರಿಲ್‌ನಲ್ಲಿ ಹಾಕಿದ್ದಿರಲ್ಲ, ಹಾಗೆಯೇ."

ಒಂದು ಕೈಯಲ್ಲಿ ಚಾ, ಒಂದು ಕೈಯಲ್ಲಿ ಪೆನ್ನು. ಇಡೀ ಜೀವಮಾನ ಅವನು ನಿಂತದ್ದೇ ಹೀಗೆ. ಚಾದ ಹೊಗೆ ತೆಳುವಾಯಿತು, ಮೇಲೆ ಕೆನೆ ಕಟ್ಟಿತು, ಪೂರ್ತಿ ಆರಿತು.

"ನಾ ಹಾಕ್ತಿಲ್ಲೆ," ಅಂದ ರಾಜೀವ.

ಗೋವರ್ಧನರಿಗೆ ಸಿಟ್ಟೇ ಬರಲಿಲ್ಲ. ರಾಜೀವನಿಗೆ ಹೆಚ್ಚು ಭಯವಾದದ್ದು ಅದಕ್ಕೇ. "ಬೇಡ ಬಿಡಿ. ನಿಮ್ಮ ಸಹಿ ಇಲ್ಲದಿದ್ದರೂ ನಡೀತದೆ. ಅರ್ಜಿದಾರರು ಹಾಜರಿದ್ದರು ಅಂತ ನಾನೇ ಒಂದು ಸಾಲು ಬರೆದರೆ ಆಯಿತು. ಪೆನ್ನು ಕೊಡಿ."

ಪಾರೆಯ ಅಂಚಿನಲ್ಲಿ ಯಾರೋ ಯಂತ್ರ ಚಾಲೂ ಮಾಡಿದರು.

ರಾಜೀವ ಚಾ ಲೋಟವನ್ನು ಬಾನೆಟ್ಟಿನ ಮೇಲಿಟ್ಟು ಪೆನ್ನಿನ ಮುಚ್ಚಳ ಹಾಕಿದ. ಅಂಗಿಯ ಕಿಸೆಗೆ ಸಿಕ್ಕಿಸಿದ. ಅದರ ಮೇಲೆ ಅಂಗೈ ಒತ್ತಿ ಹಿಡಿದ.

"ಕೊಡ್ತಿಲ್ಲೆ," ಅಂದ.