ಅತಿಥಿಗಳ ಉಪಾಹಾರದ ಅಂಚು ನೇರ ಮಾಡುವುದನ್ನು ನಿಷೇಧಿಸುವ ಕುರಿತು

ಅಡುಗೆಮನೆ ಇಲಾಖೆ
(ಒಲೆ ಮತ್ತು ಫ್ರಿಜ್ಜು ವಿಭಾಗ)

ಸಂಖ್ಯೆ: ಅಮಇ/ಫ್ರಿಜ್ಜು/ಅತಿಥಿ/02
ದಿನಾಂಕ: ಗುರುವಾರ, ಹಾಲು ಉಕ್ಕಿದ ನಂತರ

ಸುತ್ತೋಲೆ

ವಿಷಯ: ಮನೆಗೆ ಬರುವ ಅತಿಥಿಗಳಿಗೆ ಮುಂಚಿತವಾಗಿ ಮಾಡಿಡುವ ಬೆಳಗಿನ ಉಪಾಹಾರವು ಅತಿಥಿಗಳು ಏಳುವವರೆಗೂ ಉಳಿದಿರುವಂತೆ ನೋಡಿಕೊಳ್ಳುವ ಬಗ್ಗೆ.

ಉಲ್ಲೇಖ: 1. ದೊಡ್ಡಕ್ಕನವರ ದೂರವಾಣಿ ಕರೆ: "ಶನಿವಾರ ಸಂಜೆ ಬರ್ತೀವಿ. ಏನೂ ತೊಂದ್ರೆ ತಗೋಬೇಡ."
2. ಕಳೆದ ಸಲದ ಘಟನೆಯ ವಿಚಾರಣಾ ವರದಿ (ಕ್ಯಾಲೆಂಡರಿನ ಹಿಂಬದಿ).

ಪ್ರಸ್ತಾವನೆ:

ಈ ಇಲಾಖೆಯ ಅಧೀಕ್ಷಕಿಯವರ, ಅಂದರೆ ಈ ಮನೆಯಲ್ಲಿ ಒಲೆ ಹಚ್ಚುವ ಏಕೈಕ ವ್ಯಕ್ತಿಯ, ದೊಡ್ಡಕ್ಕ ಹಾಗೂ ಭಾವನವರು ಕಳೆದ ಸಲ ನಾಲ್ಕು ದಿನ ಇರಲೆಂದು ಬಂದಿದ್ದರು. ಅವರಿಗಾಗಿ ಹಿಂದಿನ ದಿನವೇ ಬ್ರೆಡ್ಡು, ಹಾಲು, ಮೊಟ್ಟೆ, ಹಣ್ಣು ಸೇರಿಸಿ ಬೇಯಿಸಿ, ಹನ್ನೆರಡು ತುಂಡು ಮಾಡಿ ಫ್ರಿಜ್ಜಿನಲ್ಲಿ ಇರಿಸಲಾಗಿತ್ತು. ಬೆಳಗ್ಗೆ ತೆಗೆದು ನೋಡಲಾಗಿ ಒಂದೇ ತುಂಡು ಕಂಡುಬಂದಿರುತ್ತದೆ. ಅದನ್ನೇ ಎರಡು ಮಾಡಿ, ಚಿಕ್ಕದೆಂದು ಗೊತ್ತಾಗದಂತೆ ಸುತ್ತ ಬಾಳೆಹಣ್ಣು ಜೋಡಿಸಿ ಬಡಿಸಲಾಯಿತು. ದೊಡ್ಡಕ್ಕನವರು "ನಂಗೆ ಹಸಿವೇ ಇಲ್ಲ ಬಿಡೇ" ಎಂದು ಹೇಳಿ ಹತ್ತು ಗಂಟೆಯ ಬಸ್ಸಿಗೆ ಹೊರಟುಹೋದರು.

ತದನಂತರದ ಎಂಟು ತಿಂಗಳಲ್ಲಿ, ಉಲ್ಲೇಖ 1ರ ಕರೆಯೊಂದನ್ನು ಹೊರತುಪಡಿಸಿ, ಅವರಿಂದ "ಚೆನ್ನಾಗಿದ್ದೀರಾ" ಎಂಬುದರ ಆಚೆಗೆ ಒಂದು ಮಾತೂ ಸ್ವೀಕೃತವಾಗಿಲ್ಲ. ಅಧೀಕ್ಷಕಿಯವರಿಗೆ ಒಡಹುಟ್ಟಿದವರೆಂದು ಇರುವುದು ಅವರೊಬ್ಬರೇ ("ದೊಡ್ಡ" ಎಂಬುದು ಗೌರವಕ್ಕೆ). ಬದಲಿ ಅಕ್ಕನನ್ನು ಮಂಜೂರು ಮಾಡಲು ನಿಯಮಗಳಲ್ಲಿ ಅವಕಾಶವಿಲ್ಲ.

ವಿಚಾರಣೆಯ ವೇಳೆ, ವೃತ್ತಿಯಲ್ಲಿ ಬಡಗಿಗಳಾದ ಮನೆಯ ಯಜಮಾನರು, "ಒಂದು ಅಂಚು ಸೊಟ್ಟ ಇತ್ತು ಕಣೇ, ನೇರ ಮಾಡ್ದೆ. ಆಮೇಲ್ ನೋಡ್ತೀನಿ, ಆಚೆ ಅಂಚೂ ಸೊಟ್ಟ!" ಎಂದು ಹೇಳಿಕೆ ನೀಡಿರುತ್ತಾರೆ. ಹೀಗೆ ನೇರವಾಗುತ್ತಾ ನೇರವಾಗುತ್ತಾ ಮೂರು ತುಂಡುಗಳು ಇಲ್ಲವಾಗಿವೆ. ಸಕ್ಕರೆ ಕಾಯಿಲೆಯುಳ್ಳ ಅತ್ತೆಯವರು, ಸಿಹಿ ಹೆಚ್ಚಾಗಿದ್ದರೆ ತಮಗೆ ಆಗುವುದಿಲ್ಲವೆಂಬ ಮುನ್ನೆಚ್ಚರಿಕೆಯಿಂದ, ಹೆಚ್ಚಾಗಿದೆಯೇ ಎಂದು ಪರೀಕ್ಷಿಸಲು ಎರಡು ತುಂಡು ಸೇವಿಸಿರುತ್ತಾರೆ. ಮಗಳು ಒಂದನ್ನು ತಿಂದಿದ್ದು, ಕಾರಣ ಕೇಳಲಾಗಿ "ಎಲ್ರೂ ತಿಂದ್ರಲ್ಲ!" ಎಂದಿರುತ್ತಾಳೆ.

ಉಳಿದ ಐದು ತುಂಡುಗಳ ಬಗ್ಗೆ ಎಲ್ಲರೂ "ನಾನಲ್ಲಪ್ಪ" ಎಂದಿರುವುದರಿಂದ ಪಕ್ಕದ ಮನೆಯ ಬೆಕ್ಕಿನ ಮೇಲೆ ಆರೋಪ ಹೊರಿಸಲಾಗಿದೆ. ಆದರೆ ಆ ದಿನ ಬೆಳಗ್ಗೆ ಫ್ರಿಜ್ಜಿನ ಬಾಗಿಲು ಸರಿಯಾಗಿ ಮುಚ್ಚಿತ್ತು. ಬೆಕ್ಕೂ ಸೇರಿದಂತೆ ಈ ಮನೆಯಲ್ಲಿ ಓಡಾಡುವ ಯಾರಿಗೂ ಬಾಗಿಲು ಮುಚ್ಚುವ ಅಭ್ಯಾಸವಿಲ್ಲ. ಈ ಅಂಶವು ಇಂದಿಗೂ ಬಗೆಹರಿದಿಲ್ಲ.

ಆದುದರಿಂದ ಸಂಬಂಧಪಟ್ಟ ಎಲ್ಲರಿಗೂ ಈ ಮೂಲಕ ಸೂಚಿಸುವುದೇನೆಂದರೆ:

1. ಉಪಾಹಾರವನ್ನು ಶನಿವಾರ ಮಧ್ಯಾಹ್ನ ಮೂರರಿಂದ ಐದರವರೆಗೆ ತಯಾರಿಸಲಾಗುವುದು. ಈ ಅವಧಿಯಲ್ಲಿ "ನೀರು ಕುಡಿಯೋಕೆ ಬಂದೆ" ಎಂಬ ಕಾರಣವನ್ನು ಪರಿಗಣಿಸಲಾಗುವುದಿಲ್ಲ. ನಿಜವಾಗಿ ಬಾಯಾರಿದವರು ಚೊಂಬಿನೊಂದಿಗೆ ಅಂಗಳದ ನಲ್ಲಿಗೆ ಹಾಜರಾಗತಕ್ಕದ್ದು.

2. ತುಂಡು ಸೊಟ್ಟಗಿದ್ದರೆ ಸೊಟ್ಟಗೇ ಇರತಕ್ಕದ್ದು. ಯಜಮಾನರು ಅಡುಗೆಮನೆಗೆ ಬರುವ ಮುನ್ನ ಅಳತೆ ಪಟ್ಟಿಯನ್ನೂ ಕಿವಿಗೆ ಸಿಕ್ಕಿಸಿದ ಪೆನ್ಸಿಲನ್ನೂ ಹೊಸ್ತಿಲಲ್ಲಿ ಠೇವಣಿ ಇಡತಕ್ಕದ್ದು. ಒಂದು ಕಣ್ಣು ಮುಚ್ಚಿ ಪಾತ್ರೆಯ ಮಟ್ಟ ನೋಡುವುದನ್ನು ತಿನ್ನುವ ಪ್ರಯತ್ನವೆಂದೇ ಭಾವಿಸಲಾಗುವುದು.

3. ಮೂಸುವುದಕ್ಕೆ ಆಕ್ಷೇಪಣೆ ಇರುವುದಿಲ್ಲ. ಆದಾಗ್ಯೂ ಅದು ಬಾಗಿಲಿನ ಚೌಕಟ್ಟಿನ ಹೊರಗೆ ನಿಂತು, ತಲಾ ಮೂರು ಉಸಿರಿಗೆ ಮೀರದಂತೆ ಇರತಕ್ಕದ್ದು. ಅತ್ತೆಯವರು ತಮ್ಮ ಪಾಲಿನ ಉಸಿರನ್ನು ಮಗನ ಹೆಸರಿಗೆ ವರ್ಗಾಯಿಸುವಂತಿಲ್ಲ.

4. ರುಚಿ ನೋಡಬಯಸುವವರು ಲಿಖಿತ ಅರ್ಜಿ ಸಲ್ಲಿಸಬಹುದು. ಅದನ್ನು ತಿರಸ್ಕರಿಸಲಾಗುವುದು.

5. ತಯಾರಾದ ಉಪಾಹಾರವನ್ನು ಬೀಗವಿರುವ ಡಬ್ಬಿಯಲ್ಲಿ ಇಡಲಾಗುವುದು. ಈ ಹಿಂದೆ ದಾರಿ ತಪ್ಪಿಸುವ ಸಲುವಾಗಿ ತಿಂಡಿಯ ಡಬ್ಬಿಯೊಂದರ ಮೇಲೆ "ಗೋಂದು" ಎಂದು ಚೀಟಿ ಅಂಟಿಸಲಾಗಿತ್ತು. ಯಜಮಾನರು ಅದನ್ನು ಕೆಲಸಕ್ಕೆ ಒಯ್ದು ಒಂದು ಸ್ಟೂಲಿನ ಕಾಲಿಗೆ ಹಚ್ಚಿದ್ದು, ಆ ಸ್ಟೂಲು ಇಂದಿಗೂ ಗಟ್ಟಿಮುಟ್ಟಾಗಿದೆ. ಇದರಿಂದ ಇಲಾಖೆಗೆ ಉಂಟಾಗಿರುವ ಮುಜುಗರವನ್ನು ಪರಿಗಣಿಸಿ ಚೀಟಿ ಪದ್ಧತಿಯನ್ನು ಕೈಬಿಡಲಾಗಿದೆ.

6. ನಿದ್ದೆಯಲ್ಲಿ ನಡೆಯುವ ಅಭ್ಯಾಸವಿದೆಯೆಂದು ಹೇಳಿಕೊಳ್ಳುವವರು ಇನ್ನು ಮುಂದೆ ಬಟ್ಟೆ ಒಗೆಯುವ ಕಲ್ಲಿನ ಕಡೆಗೆ ನಡೆಯತಕ್ಕದ್ದು.

7. ಅತಿಥಿಗಳು "ಸಾಕು" ಎಂದ ಕೂಡಲೇ ಮನೆಯವರು ತಮ್ಮ ತಟ್ಟೆ ಮುಂದೆ ಮಾಡುವಂತಿಲ್ಲ. ಮೊದಲನೆಯ "ಸಾಕು" ಸಂಕೋಚದ್ದು, ಎರಡನೆಯದು ಮರ್ಯಾದೆಯದ್ದು. ಮೂರನೆಯದನ್ನು ಮಾತ್ರ ಅಧಿಕೃತವೆಂದು ಪರಿಗಣಿಸಲಾಗುವುದು.

8. ಈ ಸಲ ದೊಡ್ಡಕ್ಕನವರು ನಾಲ್ಕು ದಿನವೂ ಇರತಕ್ಕದ್ದು. ಅದಕ್ಕೆ ಮುಂಚೆ ಅವರು ಬಸ್ಸು ಹತ್ತಿದಲ್ಲಿ ಇಡೀ ಮನೆ ಒಂದು ತಿಂಗಳು ಬರೀ ಗಂಜಿ ಕುಡಿಯಬೇಕಾಗುತ್ತದೆ. ಇದು ತಮಾಷೆಯಲ್ಲ. ಅಕ್ಕ ಮಾತಾಡದ ಮನೆಯಲ್ಲಿ ಅಧೀಕ್ಷಕಿಯವರಿಗೂ ಊಟ ಸೇರುತ್ತಿಲ್ಲವೆಂಬುದನ್ನು ಯಾರೂ ಗಮನಿಸಿದಂತಿಲ್ಲ.

ಸಹಿ/-
ಅಧೀಕ್ಷಕಿ, ಅಡುಗೆಮನೆ ಇಲಾಖೆ
(ಸ್ನಾನ ಇನ್ನೂ ಆಗಿಲ್ಲ)

ಪ್ರತಿಗಳು:
1. ಯಜಮಾನರಿಗೆ, ಪಾಲನೆಗಾಗಿ. ಹಾಳೆಯ ಅಂಚು ಸೊಟ್ಟಗಿದೆ, ಮುಟ್ಟಬಾರದು.
2. ಅತ್ತೆಯವರಿಗೆ, ಕನ್ನಡಕ ಸಿಗಲಿಲ್ಲವೆಂಬ ಸಬೂಬು ಬಾರದಂತೆ ದಪ್ಪಕ್ಷರದಲ್ಲಿ.
3. ಮಗಳಿಗೆ, ಮನೆಯವರ ಮೊಬೈಲ್ ಗುಂಪಿಗೆ ಕಳುಹಿಸುವ ಸಲುವಾಗಿ.
4. ಪಕ್ಕದ ಮನೆಯ ಬೆಕ್ಕಿಗೆ, ಅದರ ಯಜಮಾನಿಯವರ ಮುಖಾಂತರ.

ತಿದ್ದುಪಡಿ
(ಅದೇ ದಿನ, ಇಪ್ಪತ್ತು ನಿಮಿಷಗಳ ನಂತರ)

ಮಗಳು ಸದರಿ ಸುತ್ತೋಲೆಯನ್ನು ಮನೆಯವರ ಗುಂಪಿಗೆ ಕಳುಹಿಸುವ ಬದಲು, ಕೈತಪ್ಪಿನಿಂದ, ದೊಡ್ಡಕ್ಕನವರೂ ಇರುವ ನೆಂಟರಿಷ್ಟರ ಗುಂಪಿಗೆ ಕಳುಹಿಸಿರುತ್ತಾಳೆ. ಅಧೀಕ್ಷಕಿಯವರು "ಅಯ್ಯೋ, ಮಾನ ಹೋಯ್ತು!" ಎಂದು ಕುಸಿದು ಕುಳಿತಿರುವಾಗ ದೊಡ್ಡಕ್ಕನವರಿಂದ ಈ ಕೆಳಕಂಡ ಉತ್ತರ ಸ್ವೀಕೃತವಾಗಿದ್ದು, ಯಥಾವತ್ತಾಗಿ ದಾಖಲಿಸಲಾಗಿದೆ:

"ಪುಟ್ಟೀ, ಆ ಐದೂ ತಿಂದಿದ್ದು ನಾನೇ ಕಣೇ. ಬೆಳಗಿನ ಜಾವ ನೀರು ಕುಡಿಯೋಕೆ ಅಂತ ಎದ್ದೆ. ಒಂದೇ ಒಂದು ಅನ್ಕೊಂಡೆ, ಕೈ ನಿಲ್ಲಲೇ ಇಲ್ಲ. ಬಾಗಿಲು ಮಾತ್ರ ಮುಚ್ಚಿದ್ದೆ. ಆಮೇಲೆ ನೀನು ಆ ಚೂರನ್ನ ಎರಡು ಮಾಡಿ, ಬಾಳೆಹಣ್ಣು ಜೋಡಿಸ್ಕೊಂಡು ಬಂದ್ಯಲ್ಲ, ನಂಗೆ ತಲೆ ಎತ್ತೋಕಾಗ್ಲಿಲ್ಲ. ಅದಕ್ಕೇ ಬಸ್ ಹತ್ತಿದ್ದು. ಹೇಗೆ ಹೇಳ್ಲಿ ಅಂತ ಎಂಟು ತಿಂಗಳಿಂದ ಒದ್ದಾಡ್ತಿದೀನಿ. ಪಾಪ, ಬೆಕ್ಕಿಗೆ ಬೈಬೇಡ."

ಇದನ್ನು ಓದಿದ ಅಧೀಕ್ಷಕಿಯವರು ಮೊದಲು ನಕ್ಕು, ನಂತರ ಅತ್ತು, ತದನಂತರ ಎರಡನ್ನೂ ಒಟ್ಟಿಗೇ ನೆರವೇರಿಸಿರುತ್ತಾರೆ. ಫ್ರಿಜ್ಜಿನ ಬಾಗಿಲಿಗೆ ಸಂಬಂಧಿಸಿದ ಅಂಶವು ಬಗೆಹರಿದಿದೆ. ಖಂಡಿಕೆ 1 ರಿಂದ 7 ರವರೆಗಿನವುಗಳನ್ನು ರದ್ದುಪಡಿಸಿ, ಹನ್ನೆರಡರ ಬದಲು ಇಪ್ಪತ್ನಾಲ್ಕು ತುಂಡು ತಯಾರಿಸಲು ಆದೇಶಿಸಲಾಗಿದೆ. "ನೋಡಿದ್ಯಾ? ನಾನ್ ತಿಂದಿದ್ದು ಮೂರೇ!" ಎಂಬ ಯಜಮಾನರ ಹೇಳಿಕೆಯ ಹಿನ್ನೆಲೆಯಲ್ಲಿ ಖಂಡಿಕೆ 2 ಅನ್ನು ಮಾತ್ರ ಪುನಃ ಜಾರಿಗೊಳಿಸಲಾಗಿದೆ.

ಸಹಿ/-
ಪುಟ್ಟಿ
(ಅಧೀಕ್ಷಕಿಯವರ ಪರವಾಗಿ)

ಪ್ರತಿಗಳು:
1. ಪಕ್ಕದ ಮನೆಯ ಬೆಕ್ಕಿಗೆ, ಕ್ಷಮಾಪಣೆಯೊಂದಿಗೆ. ಹಾಲು ಒಂದು ಬಟ್ಟಲು ಲಗತ್ತಿಸಿದೆ.
2. ಬಸ್ ನಿಲ್ದಾಣದ ಟಿಕೆಟ್ ಗುಮಾಸ್ತರಿಗೆ: ಭಾನುವಾರ ಹತ್ತು ಗಂಟೆಯ ಬಸ್ಸಿಗೆ ಯಾವ ಅಕ್ಕನಿಗೂ ಟಿಕೆಟ್ ಕೊಡಬಾರದೆಂಬ ಕೋರಿಕೆಯೊಂದಿಗೆ.
3. ದೊಡ್ಡಕ್ಕನವರಿಗೆ: ಡಬ್ಬಿಯ ಬೀಗದ ಕೈ ಲಗತ್ತಿಸಿದೆ.