ಎರಡು ದಡ, ಒಂದೇ ತಂಡ

ಶುಕ್ರವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಹೊರಬಾಗಿಲು ತೆಗೆದ ಆರ್ಲೋ ಪೆಟ್ರಾಕ್‌ಗೆ ಮೊದಲು ಕಂಡದ್ದು ತನ್ನ ಸ್ವಂತ ಹುಲ್ಲುಹಾಸಿನ ನಟ್ಟನಡುವೆ ನಿಂತಿದ್ದ ಚುನಾವಣೆಯ ಬೋರ್ಡು. ತಂತಿಯ ಎರಡು ಕಾಲು, ಅದರ ಮೇಲೊಂದು ನೀಲಿ ರಟ್ಟು. ರಟ್ಟಿನ ತುಂಬ ಹಲ್ಲಿನ ಡಾಕ್ಟರು ಕರ್ಟಿಸ್ ವಾಂಡರ್ಲಿನ್‌ರ ನಗುಮುಖ. ಕೆಳಗೆ ದಪ್ಪಕ್ಷರದಲ್ಲಿ: ‘ಎರಡು ದಡ, ಒಂದೇ ತಂಡ. ಮಂಗಳವಾರ ನಿಮ್ಮ ಮತ ವಾಂಡರ್ಲಿನ್‌ಗೆ.’

ಆರ್ಲೋ ಬಾಯಿಗಿಟ್ಟ ಕಾಫಿ ನುಂಗುವುದನ್ನು ಮರೆತ.

ಓಹಾಯೋದ ಮಾರ್ಬರಿ ಪಟ್ಟಣವನ್ನು ಹೊಳೆಯೊಂದು ಸೀಳಿಕೊಂಡು ಹೋಗುತ್ತದೆ. ಈ ದಡದಲ್ಲಿ ಈಸ್ಟ್ ಹೈಸ್ಕೂಲು, ಆ ದಡದಲ್ಲಿ ವೆಸ್ಟ್ ಹೈಸ್ಕೂಲು. ಅಲ್ಲಿನ ಜನ ದೇವರ ವಿಚಾರದಲ್ಲಿ ಒಬ್ಬರಿಗೊಬ್ಬರು ಹೊಂದಿಕೊಂಡು ಹೋಗುತ್ತಾರೆ, ತೆರಿಗೆಯ ವಿಚಾರದಲ್ಲೂ ಒಂದಿಷ್ಟು ಹೊಂದಿಕೊಳ್ಳುತ್ತಾರೆ, ಚೆಂಡನ್ನು ಕೈಯಲ್ಲಿ ಹೊತ್ತು ಓಡುವ ಅಮೆರಿಕದ ಫುಟ್‌ಬಾಲ್ ವಿಚಾರದಲ್ಲಿ ಮಾತ್ರ ಸಾಧ್ಯವಿಲ್ಲ. ಹೊಳೆಯಾಚೆಯಿಂದ ಹೆಣ್ಣು ತಂದವರು ಪಂದ್ಯಗಳು ನಡೆಯುವ ಅಕ್ಟೋಬರ್ ತಿಂಗಳಿಡೀ ಊಟದ ಮೇಜಿನ ಮುಂದೆ ಹವಾಮಾನದ ಬಗ್ಗೆಯೇ ಮಾತಾಡುತ್ತಾರೆ. ಟೈರ್ ಕಾರ್ಖಾನೆ ಮುಚ್ಚಿ ಊರಲ್ಲಿ ಮಕ್ಕಳು ಕಡಿಮೆಯಾಗಿದ್ದರಿಂದ ಎರಡು ಸ್ಕೂಲನ್ನೂ ಒಂದು ಮಾಡಬೇಕು, ಎರಡು ತಂಡವನ್ನೂ ಒಂದು ಮಾಡಬೇಕು ಎಂದು ಶಾಲಾ ಮಂಡಳಿಯ ಚುನಾವಣೆಗೆ ನಿಂತವರು ವೆಸ್ಟಿನ ಈ ವಾಂಡರ್ಲಿನ್. ಈಸ್ಟಿನವರ ಪಾಲಿಗೆ ಅದು ತಾಯಿಯನ್ನು ಅಡ ಇಡುವ ಮಾತು.

ಅದರಲ್ಲೂ ಆರ್ಲೋ. ವಾಷಿಂಗ್ ಮಷೀನ್ ರಿಪೇರಿ ಮಾಡಿ ಬದುಕುವ ಈ ಐವತ್ತೆಂಟರ ಮನುಷ್ಯ ಹರೆಯದಲ್ಲಿ ಈಸ್ಟ್ ತಂಡದಲ್ಲಿದ್ದವನು. ಆಡಿದ್ದಕ್ಕಿಂತ ಬೆಂಚು ಸವೆಸಿದ್ದೇ ಹೆಚ್ಚು. ಆದರೂ ಅಂದಿನಿಂದ ಇಂದಿನವರೆಗೆ ಒಂದು ಪಂದ್ಯವನ್ನೂ ತಪ್ಪಿಸಿದವನಲ್ಲ. ಅವನ ಸಿಟ್ಟು ಒಲೆಯ ಮೇಲಿನ ಹಾಲಿದ್ದಂತೆ. ಅತ್ತ ತಿರುಗಿ ಇತ್ತ ನೋಡುವುದರೊಳಗೆ ಉಕ್ಕಿ ಒಲೆ ಆರಿಸಿರುತ್ತಿತ್ತು. ಊರಿಗೆಲ್ಲ ಗೊತ್ತಿದ್ದ ಸಂಗತಿ ಅದು. ಸಾಲದ್ದಕ್ಕೆ ಆ ದಿನ ಸಂಜೆಯೇ ಈಸ್ಟ್–ವೆಸ್ಟ್ ಪಂದ್ಯ.

ಪಕ್ಕದ ಮನೆಯ ಜಗಲಿಯಲ್ಲಿ ಮಿಸೆಸ್ ಬರ್ನೀಸ್ ಟಿಲ್ಮನ್ ಆಗಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಎಂಬತ್ತರ ಹತ್ತಿರದ ವಿಧವೆ. ಅವರ ಯಜಮಾನರು ಈಸ್ಟ್ ತಂಡಕ್ಕೆ ಬಹುಕಾಲ ಕೋಚ್ ಆಗಿದ್ದವರು. ಮೈದಾನಕ್ಕೆ ಅವರದೇ ಹೆಸರು. ಆರ್ಲೋ ‘ಗುಡ್ ಮಾರ್ನಿಂಗ್’ ಅಂದ. ಮುದುಕಿ ಆಕಾಶ ನೋಡಿದರು.

“ಮಿಸೆಸ್ ಟಿಲ್ಮನ್, ಇದು ನಂದಲ್ಲ. ಯಾರೋ ತಂದು ನೆಟ್ಟಿದಾರೆ.”

“ನೆಲ ನಿಂದು, ಹುಲ್ಲು ನಿಂದು, ಬೋರ್ಡು ಮಾತ್ರ ಯಾರದ್ದೋ,” ಅಂದರು ಮುದುಕಿ. “ನಮ್ಮ ಯಜಮಾನ್ರು ಹೋಗಿದ್ದೇ ಒಳ್ಳೇದಾಯ್ತು ಬಿಡು. ಇದನ್ನೆಲ್ಲ ನೋಡೋದು ತಪ್ತು.”

ಆರ್ಲೋನ ಮೈ ಉರಿದುಹೋಯಿತು. ಬೋರ್ಡು ಕಿತ್ತು ಮೊಣಕಾಲಿಗೆ ಕೊಟ್ಟು ಮುರಿಯಲು ಹೋದಾಗ ಮುದುಕಿಯೇ ತಡೆದರು. ಚುನಾವಣೆ ಬೋರ್ಡು ಮುರಿದರೆ ದಂಡ ಹಾಕುತ್ತಾರೆ, ಯಾರು ನೆಟ್ಟರೋ ಅವರ ಮುಖಕ್ಕೇ ಹೊಡೆದು ಬಾ, ಗಂಡಸಾದವನು ಮಾಡುವ ಕೆಲಸ ಅದು ಎಂದರು. ಒಳಗಿನಿಂದ ಬಂದ ಹೆಂಡತಿ ಡೋರೀನ್ ಹೇಳಿದ್ದು ಇನ್ನೊಂದು: ಅದನ್ನು ಗ್ಯಾರೇಜಿನ ಮೂಲೆಗೆ ಎಸೆದು, ಬಾಯಿ ಮುಚ್ಚಿಕೊಂಡು ಕೆಲಸಕ್ಕೆ ಹೋಗು. ಇಪ್ಪತ್ತೈದು ವರ್ಷ ಸಂಸಾರ ಮಾಡಿದ ಹೆಂಗಸು ಕೊಟ್ಟ ಬುದ್ಧಿ ಅದು. ಹಾಗಾಗಿಯೇ ಆರ್ಲೋ ಕೇಳಲಿಲ್ಲ.

ವ್ಯಾನಿನಲ್ಲಿ ಗಿರಾಕಿಯೊಬ್ಬರ ವಾಷಿಂಗ್ ಮಷೀನು ಮಲಗಿತ್ತು. ಉಳಿದ ಜಾಗದಲ್ಲಿ ಬೋರ್ಡು ತುರುಕಿದ. ಅದು ಹಿಂದಿನ ಗಾಜಿಗೆ ಮುಖ ಒತ್ತಿಕೊಂಡು ಕೂತದ್ದು ಅವನಿಗೆ ಗೊತ್ತಾಗಲಿಲ್ಲ. ವ್ಯಾನು ಹೊರಟಿತು, ಹಲ್ಲಿನ ಡಾಕ್ಟರು ಹಿಂದಿನಿಂದ ಊರಿಗೆಲ್ಲ ನಗೆ ಬೀರುತ್ತ ಹೊರಟರು.

ಮೊದಲ ಸಿಗ್ನಲ್ಲಿನಲ್ಲೇ ಹಿಂದಿನ ಕಾರಿನವನು ಹಾರ್ನ್ ಬಾರಿಸಿ, ಮುಂದೆ ಬಂದು ಗಾಜು ಇಳಿಸಿ ಅವನ ವಂಶವನ್ನೆಲ್ಲ ನೆನೆದು ಹೋದ. ಎರಡನೆಯ ಸಿಗ್ನಲ್ಲಿನಲ್ಲಿ ಸ್ಕೂಲ್ ಬಸ್ಸಿನ ಕಿಟಕಿಗಳೆಲ್ಲ ‘ಥೂ’ ಅಂದವು. ಬಟ್ಟೆ ಒಣಗಿಸುವ ಯಂತ್ರ ಕೆಟ್ಟಿದೆ, ಬೇಗ ಬನ್ನಿ ಎಂದು ವಾರದಿಂದ ಫೋನ್ ಮಾಡುತ್ತಿದ್ದ ಮನೆಯಾಕೆ ಬಾಗಿಲ ಸಂದಿಯಿಂದ ವ್ಯಾನನ್ನು ನೋಡಿ, ಬಟ್ಟೆ ಒದ್ದೆಯಾಗೇ ಇದ್ದರೂ ಪರವಾಗಿಲ್ಲ ಎಂದು ಬಾಗಿಲು ಹಾಕಿಕೊಂಡಳು. ಆರ್ಲೋ ಇಳಿದು, ಹಿಂದೆ ಹೋಗಿ ನೋಡಿದ. ಆಮೇಲೆ ಬೋರ್ಡನ್ನು ಹೊರಗೆಳೆದು ಮುಂದಿನ ಸೀಟಿನಲ್ಲಿ ತನ್ನ ಪಕ್ಕ ಕೂರಿಸಿಕೊಂಡ. ಈಗ ಇಬ್ಬರೂ ಜೋಡಿಯಾಗಿ ಸವಾರಿ ಹೊರಟಂತೆ ಕಾಣುತ್ತಿತ್ತು.

ಮಧ್ಯಾಹ್ನ ಗಸ್ ಡೆಮಾರ್ಕೊನ ಹೋಟೆಲಿಗೆ ಹೋದಾಗ ಸುದ್ದಿ ಅವನಿಗಿಂತ ಮೊದಲೇ ಬಂದು ಕೂತಿತ್ತು. ಶುಕ್ರವಾರದ ಕರಿದ ಮೀನು ತಿನ್ನುತ್ತಿದ್ದವರು ತಲೆಯೆತ್ತಲಿಲ್ಲ. ಗಸ್ ಆ ಹೋಟೆಲಿನ ಮಾಲೀಕ, ಈಸ್ಟ್ ಅಭಿಮಾನಿ ಸಂಘದ ಅಧ್ಯಕ್ಷ, ಆರ್ಲೋನ ಜೊತೆ ಅದೇ ಬೆಂಚಿನ ಮೇಲೆ ಕೂತಿದ್ದ ಹಳೆಯ ಸ್ನೇಹಿತ. ಆರ್ಲೋ ನಿಂತೇ ಇದ್ದು, ಇಡೀ ಹೋಟೆಲಿಗೆ ಕೇಳುವ ಹಾಗೆ ಹೇಳಿದ: ವಾಂಡರ್ಲಿನ್‌ನ ಆಳುಗಳು ಕಳ್ಳರ ಹಾಗೆ ಬಂದು ನನ್ನ ನೆಲಕ್ಕೆ ಗೂಟ ಹೊಡೆದಿದ್ದಾರೆ, ಇವತ್ತು ನನ್ನ ಹುಲ್ಲು, ನಾಳೆ ನಿಮ್ಮದು. ಎಲ್ಲರ ಕೈಯಲ್ಲೂ ಮೀನು ನಿಂತಿತು. ಅದುವರೆಗೆ ಆರ್ಲೋನ ಮೇಲಿದ್ದ ಕಣ್ಣು ನಿಧಾನವಾಗಿ ಹೊಳೆಯಾಚೆಗೆ ತಿರುಗಿತು.

ಗಸ್ ಗಂಭೀರವಾಗಿ ಕೈ ಒರೆಸಿಕೊಂಡ. “ನಂಗೊತ್ತು ಮಾರಾಯ, ನೀನು ಅಂಥವನಲ್ಲ. ಹೋಗು, ಅವನ ಕ್ಲಿನಿಕ್ಕಿಗೇ ಹೋಗಿ ವಾಪಸ್ ಕೊಡು. ಆದ್ರೆ ವ್ಯಾನಲ್ಲಿ ಬೇಡ. ಸೇತುವೆ ಮೇಲೆ ನಡ್ಕೊಂಡು ಹೋಗು. ಯಾರು ಕೇಳಿದ್ರೂ ನಿಂತು ಹೇಳು. ಸತ್ಯ ಹೇಳೋಕೆ ಸಂಕೋಚ ಯಾಕೆ?”

ಆರ್ಲೋಗೆ ಅದು ಸರಿ ಅನ್ನಿಸಿತು. ಬೋರ್ಡನ್ನು ಹೆಗಲಿಗೇರಿಸಿ ಪೇಟೆ ಬೀದಿಯುದ್ದಕ್ಕೂ ನಡೆದ. ಕ್ಷೌರದಂಗಡಿಯ ಮುಂದೆ ನಿಂತು ಹೇಳಿದ, ಬ್ಯಾಂಕಿನ ಮುಂದೆ ಹೇಳಿದ, ಚರ್ಚಿನ ಮೆಟ್ಟಿಲು ಗುಡಿಸುತ್ತಿದ್ದ ಪಾದ್ರಿಗೆ ಎರಡು ಸಲ ಹೇಳಿದ. ಹೇಳಿದಷ್ಟೂ ಕತೆ ಬೆಳೆಯಿತು. ಹೋಟೆಲಿನಲ್ಲಿ ಇಬ್ಬರಿದ್ದ ಆಳುಗಳು ಅವನು ಸೇತುವೆ ತಲುಪುವ ಹೊತ್ತಿಗೆ ನಾಲ್ವರಾಗಿದ್ದರು. ಅವರಲ್ಲಿ ಒಬ್ಬನ ಕೈಯಲ್ಲಿ ಸುತ್ತಿಗೆಯೂ ಇತ್ತು.

ವೆಸ್ಟಿನ ಕ್ಲಿನಿಕ್ಕಿನಲ್ಲಿ ಹಲ್ಲುನೋವಿನವರು ಗಲ್ಲ ಹಿಡಿದು ಕೂತಿದ್ದರು. ಈಸ್ಟ್ ತಂಡದ ಕೆಂಪು ಜಾಕೆಟ್ ತೊಟ್ಟವನೊಬ್ಬ ವಾಂಡರ್ಲಿನ್‌ರ ಬೋರ್ಡು ಹೊತ್ತು ಒಳಗೆ ಬಂದದ್ದನ್ನು ನೋಡಿ ಅವರೆಲ್ಲ ನೋವು ಮರೆತು ಎದ್ದುನಿಂತು ಚಪ್ಪಾಳೆ ತಟ್ಟಿದರು. ಆ ಕಡೆಯಿಂದಲೂ ಒಬ್ಬನಿಗೆ ಬುದ್ಧಿ ಬಂತಲ್ಲ ಎಂದು ಒಬ್ಬಾಕೆ ಕಣ್ಣೊರೆಸಿಕೊಂಡಳು. ಆರ್ಲೋ ಕೂಗಿದ, ಚಪ್ಪಾಳೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಗದ್ದಲಕ್ಕೆ ಹೊರಬಂದ ಡಾಕ್ಟರ ಎದೆಗೆ ಅವನು ಬೋರ್ಡನ್ನು ಒತ್ತಿದ. ಡಾಕ್ಟರು ರೂಢಿಯಂತೆ ಕೈ ಕುಲುಕಿದರು. ಯಾರೋ ಫೋಟೋ ತೆಗೆದರು. ಫೋಟೋದಲ್ಲಿ ಆರ್ಲೋ ಹಲ್ಲು ಕಚ್ಚಿದ್ದು ಥೇಟ್ ನಗುವಿನ ಹಾಗೆ ಬಂದಿತ್ತು.

ವಿಷಯ ತಿಳಿದ ಮೇಲೆ ಡಾಕ್ಟರು ತಲೆ ಕೆರೆದುಕೊಂಡರು. “ನೋಡಿ, ನಾವು ಹೊಳೆ ದಾಟಿ ಒಂದು ಬೋರ್ಡೂ ನೆಟ್ಟಿಲ್ಲ. ನಮಗೆ ಅಷ್ಟು ಧೈರ್ಯ ಇಲ್ಲ ಸ್ವಾಮಿ.”

“ಹಂಗಾದ್ರೆ ಇದೇನು, ಹುಲ್ಲಲ್ಲಿ ಮೊಳಕೆ ಒಡೀತಾ?” ಎಂದು ಕೇಳಿ, ಬೋರ್ಡನ್ನು ಅಲ್ಲೇ ಎಸೆದು, ಬಾಗಿಲು ಬಡಿದು ಹೊರಟ ಆರ್ಲೋ. ಇಂಥ ಸುಳ್ಳುಗಾರನ ಕೈಗೆ ಜನ ಹಲ್ಲು ಹೇಗೆ ಕೊಡುತ್ತಾರೋ ಎಂದು ದಾರಿಯುದ್ದಕ್ಕೂ ಗೊಣಗಿದ.

ಸಂಜೆ ಮೈದಾನಕ್ಕೆ ಬಂದಾಗ ಆ ಫೋಟೋ ಎಲ್ಲರ ಫೋನಿನಲ್ಲೂ ಇತ್ತು. ಪೇಟೆಯಲ್ಲಿ ಅವನ ಮಾತು ಕೇಳಿದವರು ಕಡಿಮೆ, ಫೋಟೋ ನೋಡಿದವರು ಹೆಚ್ಚು. ಮಿಸೆಸ್ ಟಿಲ್ಮನ್ ತಮ್ಮ ಪಕ್ಕದ ಅವನ ಎಂದಿನ ಸೀಟಿನ ಮೇಲೆ ಕೈಚೀಲ ಇಟ್ಟುಕೊಂಡಿದ್ದರು. ಎದುರು ಬದಿಯ ವೆಸ್ಟಿನವರು ಅವನನ್ನು ಕಂಡು ಪ್ರೀತಿಯಿಂದ ಕೈಬೀಸಿದರು. ಅದು ಬೆಂಕಿಗೆ ಸುರಿದ ಎಣ್ಣೆಯಾಯಿತು. ಹಿಂದಿನ ಸಾಲಿನಿಂದ ಯಾರೋ ಎಸೆದ ಪಾಪ್‌ಕಾರ್ನ್ ಅವನ ಕಾಲರಿನೊಳಗೆ ಇಳಿಯಿತು. ಕೆಳಗೆ ಹುಡುಗರು ಹೆಲ್ಮೆಟ್ಟಿಗೆ ಹೆಲ್ಮೆಟ್ಟು ಗುದ್ದಿಕೊಂಡು ಆಡುತ್ತಿದ್ದರೂ ಜೀವನದಲ್ಲಿ ಮೊದಲ ಸಲ ಆರ್ಲೋಗೆ ಅಂಕ ಎಷ್ಟಾಗಿದೆ ಎಂಬುದೇ ಗೊತ್ತಿರಲಿಲ್ಲ.

ಅರ್ಧ ವಿರಾಮಕ್ಕೆ ಗಸ್ ಬಂದು ಅವನ ತೋಳು ಹಿಡಿದ. ಊರ ಮುಂದೆ ಒಮ್ಮೆ ಹೇಳಿಬಿಡು, ಎಲ್ಲ ಸರಿಹೋಗುತ್ತದೆ ಎಂದು ಮೈಕ್ ಇದ್ದ ಮೇಲಿನ ಕೋಣೆಗೆ ಕರೆದೊಯ್ದ.

ಆರ್ಲೋ ಅಂಥ ಭಾಷಣ ಮಾಡಬಲ್ಲ ಎಂದು ಹೆಂಡತಿಗೂ ಗೊತ್ತಿರಲಿಲ್ಲ. “ನಾನು ಈಸ್ಟಿನಲ್ಲಿ ಹುಟ್ಟಿದವನು,” ಎಂದ. “ಇನ್ನೊಬ್ಬರ ಮನೆ ಅಂಗಳಕ್ಕೆ ಕದ್ದು ಬಂದು ಗೂಟ ಹೊಡೆಯೋನು ನಾಳೆ ನಮ್ಮ ಸ್ಕೂಲಿಗೂ ಬೀಗ ಹೊಡೀತಾನೆ. ಅವನಿಗೆ ಮಾನ ಇಲ್ಲ, ಮರ್ಯಾದೆ ಇಲ್ಲ. ಹೊಟ್ಟೆಗೆ ಅನ್ನ ತಿನ್ನೋನು ಮಾಡೋ ಕೆಲಸ ಅಲ್ಲ ಇದು.” ಈಸ್ಟಿನ ಜನ ಎದ್ದುನಿಂತು ಮರದ ಮೆಟ್ಟಿಲುಗಳನ್ನು ಕಾಲಿಂದ ಬಡಿದರು. ಪಾಪ್‌ಕಾರ್ನ್ ಎಸೆದವನೇ ಹೆಚ್ಚು ಜೋರಾಗಿ ಬಡಿದನಂತೆ. ಎದುರು ಬದಿಯಲ್ಲಿ ವಾಂಡರ್ಲಿನ್ ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡರು.

ಕೆಳಗಿಳಿದು ಬಂದ ಆರ್ಲೋನನ್ನು ಗಸ್ ಅಪ್ಪಿಕೊಂಡ. ಮಿಸೆಸ್ ಟಿಲ್ಮನ್ ಕೈಚೀಲ ತೆಗೆದು ಸೀಟು ಒರೆಸಿದರು. ಆರ್ಲೋ ಹೋಗಿ ಅಲ್ಲಿ ಕೂತ. ಆಗ ಗಸ್ ಅವನ ಕಿವಿಯ ಹತ್ತಿರ ಬಾಗಿದ.

“ಚುನಾವಣೆ ಗೆದ್ವಿ ಬಿಡು. ಮನೆ ಮನೆಗೆ ಹೋಗಿ ಬೇಡಿದ್ರೂ ಜನಕ್ಕೆ ಸಿಟ್ಟು ಬರ್ತಿರಲಿಲ್ಲ. ಆಚೆ ದಡದಿಂದ ಒಂದು ಬೋರ್ಡು ಎತ್ಕೊಂಡು ಬಂದು ಸಂಘದಲ್ಲಿ ಕೇಳಿದ್ವಿ, ಇದನ್ನ ಯಾರ ಮನೆ ಮುಂದೆ ನೆಟ್ರೆ ಊರಿಗೆಲ್ಲ ಕೇಳ್ಸತ್ತೆ ಅಂತ. ಎಲ್ಲರೂ ಒಂದೇ ಬಾಯಲ್ಲಿ ನಿನ್ನ ಹೆಸರು ಹೇಳಿದ್ರು.”

ನೆಟ್ಟವರು ಯಾರು ಎಂದು ಆರ್ಲೋ ಕೇಳಿದ.

“ನಾನೇ ಕಣೋ,” ಅಂದರು ಮಿಸೆಸ್ ಟಿಲ್ಮನ್, ಕಾಲಿನ ಮೇಲೆ ಕಂಬಳಿ ಸರಿಮಾಡಿಕೊಳ್ಳುತ್ತ. “ನಿಮ್ಮ ಮನೆ ಮಣ್ಣು ಎಷ್ಟು ಗಟ್ಟಿ. ನೀರು ಹಾಕಿ ನೆನೆಸಬೇಕಾಯ್ತು.”

ಬೆಳಗಿನಿಂದ ಉಕ್ಕಿದ್ದೆಲ್ಲ ಏನೂ ಅಲ್ಲ. ಹಾಲು ನಿಜವಾಗಿ ಉಕ್ಕಿದ್ದು ಈಗ. ಒಬ್ಬ ಬಡಪಾಯಿ ಡಾಕ್ಟರನ್ನು ಊರ ಮುಂದೆ ಕಳ್ಳ ಅನ್ನಿಸಿದರಲ್ಲ, ಅದೂ ನನ್ನ ಬಾಯಿಂದ ಎಂದು ಅವನು ಧಡಕ್ಕನೆ ಎದ್ದ. ಬಾಯಿ ಮುಚ್ಚಿಕೊಂಡರೆ ಈಸ್ಟಿಗೆ ಲಾಭ, ಬಿಟ್ಟರೆ ನಷ್ಟ ಎಂದು ಗಸ್ ಜಾಕೆಟ್ ಹಿಡಿದೆಳೆದ. ಆರ್ಲೋ ಕೊಡವಿಕೊಂಡು ಮತ್ತೆ ಮೇಲಿನ ಕೋಣೆಗೆ ನುಗ್ಗಿ ಮೈಕ್ ಕಿತ್ತುಕೊಂಡ.

“ನಾನು ಹೇಳಿದ್ದು ಸುಳ್ಳು,” ಎಂದ. “ಡಾಕ್ಟ್ರು ಏನೂ ಮಾಡಿಲ್ಲ. ಬೋರ್ಡು ನೆಡಿಸಿದ್ದು ನಮ್ಮ ಗಸ್. ನೆಟ್ಟೋರು ಮಿಸೆಸ್ ಟಿಲ್ಮನ್.”

ಈಗ ಇವರೆಲ್ಲ ತಲೆ ತಗ್ಗಿಸುತ್ತಾರೆ ಎಂದು ಆರ್ಲೋ ಕಾದ. ಎಲ್ಲಿಂದಲೋ ಒಂದು ನಗು ಬಂತು. ಅದರ ಹಿಂದೆ ಹತ್ತು, ಆಮೇಲೆ ಇಡೀ ಈಸ್ಟ್ ಬದಿ ಹೊಟ್ಟೆ ಹಿಡಿದುಕೊಂಡಿತು. ಎಂಬತ್ತರ ಕೋಚಮ್ಮ ಕತ್ತಲಲ್ಲಿ ಸುತ್ತಿಗೆ ಹಿಡಿದು ಹೋದ ಚಿತ್ರ ಅವರಿಗೆ ಅಷ್ಟು ಹಿಡಿಸಿತ್ತು. ಮುದುಕಿ ಎದ್ದು ಎರಡೂ ಕೈ ಬೀಸಿದರು. ಬ್ಯಾಂಡಿನವರು ಡೋಲು ಬಾರಿಸಿದರು. ವೆಸ್ಟಿನವರೂ ನಕ್ಕರು, ಆದರೆ ಅವರು ನಕ್ಕದ್ದು ಆರ್ಲೋನನ್ನು ನೋಡಿ. ಕೊನೆಗೆ ವಾಂಡರ್ಲಿನ್ ಕೂಡ ಟೋಪಿ ತೆಗೆದು ಮುದುಕಿಗೆ ನಮಸ್ಕರಿಸಿದರು. ಇಷ್ಟು ದೊಡ್ಡ ಅನ್ಯಾಯಕ್ಕೆ ಅಷ್ಟು ಜನರಲ್ಲಿ ಸಿಟ್ಟಾಗಿದ್ದವನು ಒಬ್ಬನೇ, ಮೈಕ್ ಹಿಡಿದವನು.

ಅಷ್ಟರಲ್ಲಿ ಸ್ಕೂಲಿನ ಪ್ರಿನ್ಸಿಪಾಲ್ ಮಿಸೆಸ್ ಲಿಂಡ್‌ಕ್ವಿಸ್ಟ್ ಏದುಸಿರು ಬಿಡುತ್ತ ಕೋಣೆಗೆ ಬಂದರು. ಮೊದಲ ಭಾಷಣ ಕೇಳಿದಾಗಲೇ ಮೆಟ್ಟಿಲು ಹತ್ತಲು ಹೊರಟಿದ್ದರಂತೆ. ಮೊಣಕಾಲು ನೋವಿನಿಂದ ತಲುಪಿದ್ದು ಎರಡನೆಯದಕ್ಕೆ. ಸ್ಕೂಲಿನ ಮೈದಾನದಲ್ಲಿ ಚುನಾವಣೆಯ ಮಾತು ಆಡಬಾರದೆಂಬ ನಿಯಮವಿದೆ, ನೀವು ಒಂದಲ್ಲ ಎರಡು ಸಲ ಮುರಿದಿದ್ದೀರಿ, ಈ ವರ್ಷದ ಪಂದ್ಯಗಳು ಮುಗಿಯುವ ತನಕ ಗೇಟಿನೊಳಗೆ ಕಾಲಿಡಬೇಡಿ ಎಂದರು. ಬೋರ್ಡು ನೆಟ್ಟವರನ್ನು ಕೇಳೋದಿಲ್ಲವೇ ಎಂದ ಆರ್ಲೋ. ಅವರು ಮೈಕಿನಲ್ಲಿ ಮಾತಾಡಿಲ್ಲವಲ್ಲ ಎಂದರು ಪ್ರಿನ್ಸಿಪಾಲ್.

ಪಂದ್ಯದ ಉಳಿದರ್ಧವನ್ನು ಅವನು ಹೊರಗೆ ನಿಲ್ಲಿಸಿದ್ದ ವ್ಯಾನಿನಲ್ಲಿ ಕೂತು ಊರಿನ ರೇಡಿಯೋದಲ್ಲಿ ಕೇಳಿದ. ಡೋರೀನ್ ಒಳಗೇ ಉಳಿದಳು; ಟಿಕೆಟ್ ಯಾಕೆ ಹಾಳು ಮಾಡಲಿ ಎಂದಳು. ಗೋಡೆಯಾಚೆಯ ಗದ್ದಲ ಮೊದಲು ಬರುತ್ತಿತ್ತು, ಏನಾಯಿತೆಂದು ರೇಡಿಯೋದವನು ಆಮೇಲೆ ಹೇಳುತ್ತಿದ್ದ. ಕೊನೆಯ ನಿಮಿಷಗಳಲ್ಲಿ ಎರಡೂ ಕಡೆ ಸಮಬಲ. ಆರ್ಲೋ ಉಗುರು ಕಚ್ಚುತ್ತ ಮುಂದೆ ಬಾಗಿದ.

ಆಟ ಒಂದು ಗಳಿಗೆ ನಿಂತಾಗ ರೇಡಿಯೋದವನು ಬಿಡುವು ಮಾಡಿಕೊಂಡು ಊರ ಸುದ್ದಿ ಹೇಳಿದ: “ಅರ್ಧ ವಿರಾಮದಲ್ಲಿ ಮೈಕ್ ಕಸಿದುಕೊಂಡು ಗಲಾಟೆ ಮಾಡಿದ ಒಬ್ಬ ಪ್ರೇಕ್ಷಕನನ್ನು ಹೊರಗೆ ಹಾಕಲಾಗಿದೆ. ಹೆಸರು ಆರ್ಲೋ ಪೆಟ್ರಾಕ್. ವೆಸ್ಟ್ ತಂಡದ ಕಟ್ಟಾ ಅಭಿಮಾನಿ ಎಂದು ತಿಳಿದುಬಂದಿದೆ.”

ಆರ್ಲೋ ಎರಡೂ ಕೈಯಿಂದ ಹಾರ್ನನ್ನು ಒತ್ತಿ ಹಿಡಿದ. ಸರಿಯಾಗಿ ಅದೇ ಹೊತ್ತಿಗೆ ಒಳಗೆ ಈಸ್ಟಿನ ಹುಡುಗನೊಬ್ಬ ಚೆಂಡು ಅಪ್ಪಿಕೊಂಡು ಕೊನೆಯ ಗೆರೆ ದಾಟಿ ಪಂದ್ಯ ಗೆಲ್ಲಿಸಿದ. ಹೊರಗಿದ್ದ ಕಾರುಗಳೆಲ್ಲ ಸಂಭ್ರಮದಿಂದ ಹಾರ್ನ್ ಬಾರಿಸಿದವು. ಸೋಲುವ ಭಯಕ್ಕೆ ಬೇಗನೆ ಎದ್ದು ಬಂದಿದ್ದ ವೆಸ್ಟಿನವನೊಬ್ಬ ವ್ಯಾನಿನ ಪಕ್ಕ ನಿಂತು ತಲೆಯಾಡಿಸಿದ: ಎಂಥಾ ಜನ, ನಮ್ಮವನೇ ಆಗಿ ಅವರು ಗೆದ್ದಿದ್ದಕ್ಕೆ ಹಾರ್ನ್ ಹೊಡೀತಾನೆ.